ಹಳೇ ಕಾರಿಗೆ ಹೊಸ ಎಂಜಿನ್: ಕೂರಿಸುವ ಮುಂಚೆ ತಿಳಿದಿರಬೇಕಾದ್ದು

ಹಳೇ ಅಂಬಾಸಡರ್‌ಗೆ ಬೇರೆ ಎಂಜಿನ್ ಕೂರಿಸಬಹುದಾ ಎಂದು ಕೇಳುವವರಿಗೆ ಅದನ್ನು ತಯಾರಿಸಿದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ ಉತ್ತರ ಕೊಟ್ಟಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಹುಟ್ಟಿದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಇಷ್ಟು ವರ್ಷದಲ್ಲಿ ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಬಾನೆಟ್ ಕೆಳಗಿನದ್ದು ಮಾತ್ರ ಬದಲಾಗುತ್ತಲೇ ಹೋಯಿತು. ಮೊದಲು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್ (ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಹಳೇ ಬಗೆ) ಇತ್ತು. ಆಮೇಲೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ವಿನ್ಯಾಸದ 1489 ಸಿಸಿ ಎಂಜಿನ್ ಬಂತು. 1980ರ ಸುಮಾರಿಗೆ ಡೀಸೆಲ್ ಬಂತು. 1990ರ ದಶಕದ ಶುರುವಿನಲ್ಲಿ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್ ಅದೇ ದುಂಡು ಬಾನೆಟ್ಟಿನೊಳಗೆ ಕೂತಿತು. ಅದೇ ಕಂಪನಿಯ ಇನ್ನೊಂದು ಕಾರು ಕಾಂಟೆಸ್ಸಾದ ಕಥೆಯೂ ಹಾಗೇ. 1984ರಲ್ಲಿ ಬಂದಾಗ ಅಷ್ಟು ದೊಡ್ಡ ಕಾರಿಗೆ ಅದೇ 1489 ಸಿಸಿ ಎಂಜಿನ್ ಇತ್ತು, ಎಳೆಯೋದಕ್ಕೆ ಒದ್ದಾಡುತ್ತಿತ್ತು. ಇಸುಜು ಹಾಕಿದ ಮೇಲೆಯೇ ಅದು ಕಾಂಟೆಸ್ಸಾ ಅನ್ನಿಸಿಕೊಂಡಿದ್ದು. ಪ್ರೀಮಿಯರ್ 118 ಎನ್‌ಇ ಕಾರಿನಲ್ಲಿ ಬಾಡಿ ಫಿಯಟ್ 124ರದ್ದು, ಎಂಜಿನ್ ನಿಸ್ಸಾನ್‌ನದ್ದು.

ಅಂದರೆ ಎಂಜಿನ್ ಬದಲಿಸುವುದು ಹುಚ್ಚಲ್ಲ, ಅನುಮತಿ ಪಡೆದು ಮಾಡಿದರೆ ಅಪರಾಧವೂ ಅಲ್ಲ. ಆದರೆ ಒಂದು ಮಾತು ಗಮನಿಸಿ. ಕಂಪನಿ ಬರೀ ಎಂಜಿನ್ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಇಸುಜು ಎಂಜಿನ್ ಜೊತೆ ಅದರದೇ ಐದು ಗೇರಿನ ಬಾಕ್ಸ್ ಬಂತು, ಗೇರ್ ಹಿಡಿ ಸ್ಟೀರಿಂಗ್ ಪಕ್ಕದಿಂದ ನೆಲಕ್ಕೆ ಇಳಿಯಿತು. ಎಂಜಿನ್ ಬದಲಾದರೆ ಅದರ ಹಿಂದೆ ಗೇರ್ ಬಾಕ್ಸ್, ಮುಂದೆ ರೇಡಿಯೇಟರ್, ಕೆಳಗೆ ಬ್ರೇಕ್, ಒಳಗೆ ವೈರಿಂಗ್, ಕೊನೆಗೆ ಆರ್‌ಸಿ ಪುಸ್ತಕದವರೆಗೆ ಎಲ್ಲವೂ ಬದಲಾಗುತ್ತದೆ. ನಮ್ಮಲ್ಲಿ ಎಷ್ಟೋ ಹಳೇ ಕಾರುಗಳು ಅರ್ಧಕ್ಕೆ ನಿಂತು ಗ್ಯಾರೇಜಿನ ಹಿಂದೆ ತುಕ್ಕು ಹಿಡಿಯುವುದು ಇದನ್ನು ಮೊದಲೇ ಲೆಕ್ಕ ಹಾಕದೆ ಇರುವುದರಿಂದ.

ಕಲಬುರಗಿ ಕಡೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಜ್ಜನ ಕಾಲದ ಅಂಬಾಸಡರ್ ಮನೆ ಅಂಗಳದಲ್ಲಿ ನಿಂತಿರುತ್ತದೆ. ತೊಗರಿ ಹೊಲಕ್ಕೆ ಓಡಾಡಿದ ಹಳೇ ಜೀಪು ಇರುತ್ತದೆ. ಯಾರದೋ ಮದುವೆಗೆ ಓಡಾಡಿದ ಪ್ರೀಮಿಯರ್ ಪದ್ಮಿನಿ ಕಾರು ಇರುತ್ತದೆ. ಮಾರಲು ಮನಸ್ಸಿಲ್ಲ, ಓಡಿಸಲು ಆಗುತ್ತಿಲ್ಲ. ಹೈದರಾಬಾದ್ ಕಡೆ ಒಂದು ಸಲ ಹೋಗಿ ಬರೋಣ ಅಂದರೆ ಸೇಡಂ ದಾಟುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತದೆ. ಆಗ ಯಾರೋ ಹೇಳುತ್ತಾರೆ, "ಅದನ್ನ ತೆಗೆದು ಬೇರೆ ಎಂಜಿನ್ ಹಾಕಸ್ರಿ, ಆರಾಮ್ ಆಗ್ತದ."

ಆರಾಮ ಆಗುತ್ತದೋ ಇಲ್ಲವೋ, ಮೊದಲು ಇರುವ ಎಂಜಿನ್ ನಿಜವಾಗಿಯೂ ಸತ್ತಿದೆಯಾ ಅಂತ ನೋಡಬೇಕು. ನನ್ನ ಪ್ರಕಾರ ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ.

ಪರೀಕ್ಷೆ ಸುಲಭ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇದ್ದರೆ ಎಂಜಿನ್ ಬದುಕಿದೆ. ಮೂರರಲ್ಲಿ 120 ಪಿಎಸ್‌ಐ, ಒಂದರಲ್ಲಿ 70 ಬಂತು ಅಂದುಕೊಳ್ಳಿ. ಆ ಒಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಮೇಲೆದ್ದರೆ ತೊಂದರೆ ಪಿಸ್ಟನ್ ರಿಂಗ್ ಅಥವಾ ಬೋರಿನಲ್ಲಿದೆ (ಸಿಲಿಂಡರಿನ ಒಳಗೋಡೆ), ಆಯಿಲ್ ಸ್ವಲ್ಪ ಹೊತ್ತು ಆ ಸಂದು ಮುಚ್ಚಿದೆ. ಅಂಕಿ ಅಲ್ಲೇ ನಿಂತರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬರೀ ಹೆಡ್ ಕೆಲಸದಲ್ಲಿ ಮುಗಿಯುವುದಕ್ಕೆ ಇಡೀ ಎಂಜಿನ್ ಕಿತ್ತು ಗುಜರಿಗೆ ಹಾಕಿದ ಕಾರುಗಳಿವೆ. ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೋರ್ ಸವೆದಿದ್ದರೂ ದಾರಿ ಇದೆ. ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮಿಸ್ತ್ರಿಗಳು "20 ಸೈಜ್, 40 ಸೈಜ್" ಅನ್ನುವುದು ಇದಕ್ಕೇ. ಇಂಚಿನ ಸಾವಿರದಲ್ಲಿ 20 ಭಾಗ ಅಂದರೆ ಸುಮಾರು ಅರ್ಧ ಮಿಲಿಮೀಟರ್. 40 ಅಂದರೆ ಒಂದು ಮಿಲಿಮೀಟರ್. ಅದೂ ಮುಗಿದಿದ್ದರೆ ಒಳಗೆ ಸ್ಲೀವ್ ಎಂಬ ಹೊಸ ಲೋಹದ ಕೊಳವೆ ಕೂರಿಸಿ ಮತ್ತೆ ಮೂಲ ಅಳತೆಗೆ ತರಬಹುದು. ಅಂಬಾಸಡರ್ ಮತ್ತು ಜೀಪಿನ ಎರಕದ ಕಬ್ಬಿಣದ ಬ್ಲಾಕ್‌ಗಳು ಈ ಕೆಲಸವನ್ನು ಚೆನ್ನಾಗಿ ತಡೆಯುತ್ತವೆ. ಹೆಡ್ ಬಿಚ್ಚಿದಾಗಲೇ ಗಟ್ಟಿ ವಾಲ್ವ್ ಸೀಟ್ ಹಾಕಿಸಿಬಿಡಿ. ಹಳೇ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದವು, ಆ ಸೀಸವೇ ವಾಲ್ವ್ ಸೀಟಿನ ಸವೆತ ತಡೆಯುತ್ತಿತ್ತು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೇ ರಬ್ಬರ್ ಪೈಪು, ಕಾರ್ಕ್ ಗ್ಯಾಸ್ಕೆಟ್, ಪಂಪಿನ ಡಯಾಫ್ರಮ್ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಇವನ್ನೆಲ್ಲ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಿಸಿದರೆ ಸುಮಾರು "ಎಂಜಿನ್ ತೊಂದರೆ"ಗಳು ಅಲ್ಲೇ ಮುಗಿಯುತ್ತವೆ.

ಇಷ್ಟೆಲ್ಲ ಹೇಳುವುದಕ್ಕೆ ಇನ್ನೊಂದು ಕಾರಣವಿದೆ, ಅದು ಕಾನೂನಿನದು.

ವಿಂಟೇಜ್ ಎಂಬ ಪಟ್ಟ ಎಂಜಿನ್ ಜೊತೆ ಹೋಗುತ್ತದೆ

ನಮ್ಮಲ್ಲಿ ಹಳೇ ಕಾರು ಯಾವುದನ್ನು ಕಂಡರೂ ವಿಂಟೇಜ್ ಅನ್ನುತ್ತೇವೆ. ಕೇಂದ್ರ ಸರ್ಕಾರ ಜುಲೈ 2021ರಲ್ಲಿ ಇದಕ್ಕೆ ನಿಯಮ ಮಾಡಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಜೊತೆ ವಿಎ ಅಂತ ಬರುತ್ತದೆ. ಮೊದಲೇ ನೋಂದಣಿ ಆಗಿರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಇಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಕ್ಕೆ ಮಾತ್ರ.

ಹಾಗಾಗಿ 1965ರ ಅಂಬಾಸಡರ್ ಇನ್ನೂ ಮೂಲ ಎಂಜಿನ್ನಿನಲ್ಲೇ ಇದ್ದರೆ, ಅದಕ್ಕೆ ಬೇರೆ ಎಂಜಿನ್ ಹಾಕಿದ ದಿನವೇ ವಿಂಟೇಜ್ ನೋಂದಣಿಯ ಬಾಗಿಲು ಮುಚ್ಚಿತು ಅಂತ ತಿಳಿಯಿರಿ. ಅಂಥ ಗಾಡಿಗಳು ಈಗ ಕಡಿಮೆ. ಅವನ್ನು ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂಲ ಎಂಜಿನ್ ಎಂದೋ ಹೋಗಿ, ಬ್ಲಾಕ್ ಒಡೆದು, ನಡುವೆ ಯಾರೋ ಯಾವುದೋ ಎಂಜಿನ್ ತುರುಕಿರುವ ಕಾರುಗಳ ವಿಚಾರ ಬೇರೆ. 1980 ಮತ್ತು 90ರ ದಶಕದ ಸಾಮಾನ್ಯ ಅಂಬಾಸಡರ್, ಕಾಂಟೆಸ್ಸಾ, ಜೀಪುಗಳ ವಿಚಾರವೂ ಬೇರೆ. ಇವುಗಳನ್ನು ಓಡುವ ಹಾಗೆ ಮಾಡುವುದೇ ಅವುಗಳಿಗೆ ಮಾಡುವ ಉಪಕಾರ. ಮುಂದಿನ ಮಾತು ಇಂಥ ಗಾಡಿಗಳಿಗೆ.

ಯಾವ ಎಂಜಿನ್?

ಮೊದಲ ಉತ್ತರ: ಅದೇ ಕಾರಿಗೆ, ಅಥವಾ ಅದರ ಅಣ್ಣ ತಮ್ಮಂದಿರಿಗೆ ಕಂಪನಿಯೇ ಹಾಕಿದ್ದ ಎಂಜಿನ್. ಹಳೇ ಅಂಬಾಸಡರಿಗೆ ಇಸುಜು 1.8 ಹುಡುಕುವುದು ಇದಕ್ಕೇ. ಅದೇ ಬಾನೆಟ್ಟಿನೊಳಗೆ ಕೂತು ವರ್ಷಗಟ್ಟಲೆ ಓಡಿದೆ. ಅದಕ್ಕೆ ಬೇಕಾದ ಮೌಂಟಿಂಗ್, ಗೇರ್ ಬಾಕ್ಸ್, ಸೈಲೆನ್ಸರ್ ಪೈಪು ಎಲ್ಲ ಕಂಪನಿಯಲ್ಲೇ ಹುಟ್ಟಿವೆ, ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಇದೆ. 1489 ಸಿಸಿ ಎಂಜಿನ್ ಕೊಡುತ್ತಿದ್ದದ್ದು 50 ಅಶ್ವಶಕ್ತಿಯ ಆಸುಪಾಸು, ಇಸುಜು ಸುಮಾರು 75. ವ್ಯತ್ಯಾಸ ಗೊತ್ತಾಗುವಷ್ಟಿದೆ, ಕಾರು ತಡೆಯಲಾರದಷ್ಟಿಲ್ಲ.

ಅದು ಸಿಗಲಿಲ್ಲ ಅಂದರೆ ಎರಡನೇ ಪ್ರಶ್ನೆ: ಎಂಜಿನ್ ಉದ್ದಕ್ಕೆ ಕೂರುತ್ತದೋ ಅಡ್ಡಕ್ಕೋ? ನಮ್ಮ ಹಳೇ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಚಕ್ರಕ್ಕೆ ಬಲ. ಇವತ್ತಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತು, ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಹಲ್ಲುಚಕ್ರಗಳ ಜೋಡಣೆ) ಒಂದೇ ಡಬ್ಬಿಯಲ್ಲಿ ಪಕ್ಕಕ್ಕೆ ಅಂಟಿಕೊಂಡು, ಮುಂದಿನ ಚಕ್ರ ತಿರುಗಿಸುತ್ತವೆ. ಅಂಥ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದರ ಗೇರ್ ಬಾಕ್ಸ್ ಉಪಯೋಗಕ್ಕೆ ಬರುವುದಿಲ್ಲ. ತಿರುಗಿಸಿ ಕೂರಿಸಿದಾಗ ಸೈಲೆನ್ಸರ್ ಪೈಪು, ಗಾಳಿ ಎಳೆಯುವ ಪೈಪು, ನೀರಿನ ಪೈಪು ಎಲ್ಲ ತಪ್ಪು ಜಾಗಕ್ಕೆ ಬರುತ್ತವೆ. ಅದಕ್ಕೇ ಈ ಕೆಲಸಕ್ಕೆ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಒಪ್ಪುತ್ತದೆ. ಅದು ಹುಟ್ಟಿನಿಂದಲೇ ಉದ್ದಕ್ಕೆ ಕೂರುವಂಥದ್ದು, ಬ್ಲಾಕ್ ಅಲ್ಯೂಮಿನಿಯಂ, ಹಗುರ. ನಂತರ ಬಂದ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಸಿಂಪಡಿಸುವ) ರೂಪದಲ್ಲಿ 80 ಅಶ್ವಶಕ್ತಿ ಕೊಡುತ್ತದೆ. ಜಿಪ್ಸಿ ತಯಾರಿ ಈಗಿಲ್ಲದಿದ್ದರೂ ಬಿಡಿ ಭಾಗಗಳನ್ನು ಬಲ್ಲ ಮಿಸ್ತ್ರಿಗಳಿದ್ದಾರೆ.

ಡೀಸೆಲ್ ಹಾಕಿಸುವವರಿಗೆ ಒಂದು ಮಾತು. ಒಂದು ಕಾಲದಲ್ಲಿ ಜೀಪು, ಅಂಬಾಸಡರುಗಳಿಗೆ ಡೀಸೆಲ್ ಹಾಕಿದ್ದು ದುಡ್ಡಿನ ಲೆಕ್ಕಕ್ಕೆ. ಪೆಟ್ರೋಲಿಗೂ ಡೀಸೆಲಿಗೂ ದರದ ಅಂತರ ದೊಡ್ಡದಿತ್ತು. ಅಕ್ಟೋಬರ್ 2014ರಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋದ ಮೇಲೆ ಆ ಲೆಕ್ಕ ಮೊದಲಿನ ಹಾಗೆ ಕೂಡುವುದಿಲ್ಲ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ನಡುಕ ಜಾಸ್ತಿ. ಮುಂದಿನ ಸ್ಪ್ರಿಂಗ್ ಕೂತುಹೋಗುತ್ತದೆ, ಅಂಬಾಸಡರಿನಲ್ಲಾದರೆ ಮುಂದಿನ ಟಾರ್ಷನ್ ಬಾರ್ ಮತ್ತೆ ಹೊಂದಿಸಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮ: ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಒಳಗೆ ನಿರ್ವಾತ ಉಂಟಾಗುತ್ತದೆ, ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಅದರಿಂದ. ಡೀಸೆಲ್ ಎಂಜಿನ್‌ನಲ್ಲಿ ಅದು ಸಾಕಷ್ಟು ಸಿಗುವುದಿಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು, ಸಾಮಾನ್ಯವಾಗಿ ಆಲ್ಟರ್ನೇಟರ್ ಹಿಂಭಾಗದಲ್ಲಿ ಇರುತ್ತದೆ. ಅದಿಲ್ಲದ ಎಂಜಿನ್ ತಂದು ಬೂಸ್ಟರ್ ಇರುವ ಕಾರಿಗೆ ಹಾಕಿದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಗೇರ್ ಬಾಕ್ಸ್ ಮತ್ತು ಒಂದು ಸಣ್ಣ ಬುಶ್

ಎಂಜಿನ್ ಕೊಳ್ಳುವಾಗ ಗೇರ್ ಬಾಕ್ಸ್, ಕ್ಲಚ್, ಸೆಲ್ಫ್ ಮೋಟಾರ್ ಒಟ್ಟಿಗೇ ಕೊಳ್ಳಿ. ಹಳೇ ಗೇರ್ ಬಾಕ್ಸ್ ಉಳಿಸಿಕೊಂಡು ಹೊಸ ಎಂಜಿನ್ ಕೂಡಿಸುತ್ತೇನೆ ಅಂದರೆ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಕಣ್ಣಿಗೆ ಅದು ತೂತು ಕೊರೆದ ದಪ್ಪ ತಗಡು ಅಷ್ಟೇ. ಆದರೆ ಅದರ ನಡುಬಿಂದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ನಡುಬಿಂದುವಿಗೆ ಕೂದಲೆಳೆಯಷ್ಟೂ ತಪ್ಪದೆ ಸೇರಬೇಕು. ಗೇರ್ ಬಾಕ್ಸಿನ ಮುಂದಿನ ಶಾಫ್ಟ್ ಕ್ಲಚ್ ಪ್ಲೇಟಿನೊಳಗಿಂದ ಹಾದು, ಅದರ ತುದಿ ಕ್ರ್ಯಾಂಕಿನ ಹಿಂಬದಿಯ ಒಂದು ಸಣ್ಣ ಲೋಹದ ಬುಶ್ಶಿನಲ್ಲಿ ಕೂರುತ್ತದೆ. ಬುಶ್ಶು ಬೆರಳ ತುದಿಯಷ್ಟು ಇರುತ್ತದೆ. ಪ್ಲೇಟ್ ಸ್ವಲ್ಪ ಓರೆಯಾದರೂ ಶಾಫ್ಟಿನ ತುದಿ ಆ ಬುಶ್ಶನ್ನು ಒಂದೇ ಕಡೆ ಉಜ್ಜುತ್ತದೆ. ಮೊದಲು ಕ್ಲಚ್ ಒತ್ತಿದಾಗ ಕಿರ್ ಅನ್ನುತ್ತದೆ, ಆಮೇಲೆ ಗೇರ್ ಬೀಳುವುದು ಬಿಗಿಯಾಗುತ್ತದೆ, ಕೊನೆಗೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಹೋಗುತ್ತದೆ. ಮೂರು ಸಲ ಗೇರ್ ಬಾಕ್ಸ್ ಇಳಿಸಿದರೂ ಕಾರಣ ಸಿಗುವುದಿಲ್ಲ, ಯಾಕಂದರೆ ತಪ್ಪು ಗೇರ್ ಬಾಕ್ಸಿನಲ್ಲಿ ಇಲ್ಲವೇ ಇಲ್ಲ.

ಕೆಳಗೆ ಆಯಿಲ್ ಚೇಂಬರ್ ಎಲ್ಲಿ ಉಬ್ಬಿದೆ ಅಂತಲೂ ನೋಡಬೇಕು. ಕೆಲವು ಎಂಜಿನ್‌ಗಳಲ್ಲಿ ಅದು ಮುಂದೆ, ಕೆಲವಲ್ಲಿ ಹಿಂದೆ. ಕಾರಿನ ಅಡ್ಡ ಪಟ್ಟಿಗೋ ಸ್ಟೀರಿಂಗ್ ರಾಡಿಗೋ ತಾಗಿದರೆ ಚೇಂಬರ್ ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಮಾಡಲಿ, ಆದರೆ ಒಳಗಿನ ಆಯಿಲ್ ಎಳೆಯುವ ಪೈಪನ್ನೂ ಹೊಸ ತಗ್ಗಿಗೆ ಸರಿಸಲೇಬೇಕು. ಇಲ್ಲವಾದರೆ ಜೋರಾಗಿ ಬ್ರೇಕ್ ಹಾಕಿದಾಗ ಆಯಿಲ್ ಮುಂದೆ ಓಡಿ, ಪೈಪು ಗಾಳಿ ಎಳೆದು, ಬೇರಿಂಗ್ ಒಣಗುತ್ತದೆ. ಚೇಂಬರ್ ಕತ್ತರಿಸಬಹುದು, ಚಾಸಿ ಕತ್ತರಿಸಬೇಡಿ. ಮೌಂಟಿಂಗ್ ಬ್ರಾಕೆಟ್ ಬೋಲ್ಟಿನಲ್ಲಿ ಕೂರುವ ಹಾಗೆ ಮಾಡಿಸಿ, ನಾಳೆ ಮೂಲ ಎಂಜಿನ್ ವಾಪಸ್ ಕೂರಿಸಬೇಕು ಅಂದರೆ ದಾರಿ ಇರಬೇಕು.

ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗುತ್ತದೆ. ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು. ಎಂಜಿನ್ ಬಾಗಿರುವ ಕೋನ ಮತ್ತು ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ ಕೋನ ಒಂದಕ್ಕೊಂದು ಹೊಂದಬೇಕು. ಇಲ್ಲದಿದ್ದರೆ 60 ದಾಟಿದ ಮೇಲೆ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕ ಶುರುವಾಗಿ ಯಾವತ್ತೂ ಹೋಗುವುದಿಲ್ಲ.

ಈಗ ಹಿಂದಿನ ಡಿಫರೆನ್ಷಿಯಲ್. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಷ್ಟ ಇಲ್ಲ. ಹಳೇ ಕಾರಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. ಡಿಫರೆನ್ಷಿಯಲ್ ಅನುಪಾತ 4.5 ಇದೆ ಅಂದುಕೊಳ್ಳಿ, ಅಂದರೆ ಶಾಫ್ಟ್ ನಾಲ್ಕೂವರೆ ಸುತ್ತಿಗೆ ಚಕ್ರ ಒಂದು ಸುತ್ತು. ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಚಕ್ರ ಸುಮಾರು 667 ಸುತ್ತು. ನಿಮಿಷಕ್ಕೆ 1333 ಮೀಟರ್, ಗಂಟೆಗೆ 80 ಕಿಲೋಮೀಟರ್. ಹಳೇ ಎಂಜಿನ್ನಿಗೆ ಅದು ಕೂಗಾಡುವ ವೇಗ. ಇದಕ್ಕೇ ಐದನೇ ಗೇರ್ ಇರುವ ಬಾಕ್ಸ್ ಬಂದರೆ, ಆ ಗೇರಿನ ಅನುಪಾತ 0.85 ಇದ್ದರೆ, ಅದೇ 3000 ಸುತ್ತಿನಲ್ಲಿ 94 ಕಿಲೋಮೀಟರ್ ವೇಗ ಬರುತ್ತದೆ. ಅಥವಾ 80ರಲ್ಲಿ ಹೋಗುವಾಗ ಎಂಜಿನ್ 2550 ಸುತ್ತಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಕಾರು ಆರಾಮ ಅನ್ನಿಸುವುದು ಅಶ್ವಶಕ್ತಿಯಿಂದ ಅಲ್ಲ, ಈ ಐದನೇ ಗೇರಿನಿಂದ. ಹಾಗಾಗಿ ಬರೀ ಸದ್ದು, ಸುಸ್ತು ಕಡಿಮೆ ಆಗಲಿ ಎಂಬುದಷ್ಟೇ ನಿಮ್ಮ ಆಸೆಯಾದರೆ, ಹಳೇ ಎಂಜಿನ್ನನ್ನೇ ಬೋರ್ ಮಾಡಿಸಿ ಐದು ಗೇರಿನ ಬಾಕ್ಸ್ ಹೊಂದುತ್ತದಾ ಅಂತ ವಿಚಾರಿಸಿ ನೋಡಿ.

ಎಂಜಿನ್ ಬಲ ತೀರಾ ಜಾಸ್ತಿಯಾದರೆ ಹಿಂದಿನ ಆಕ್ಸಲ್ ಶಾಫ್ಟ್ ಅಥವಾ ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ ಹಲ್ಲು ಮುರಿಯುತ್ತದೆ. ಆ ಹಲ್ಲುಗಳನ್ನು ಮಾಡಿದ್ದು 50 ಅಶ್ವಶಕ್ತಿಗೆ.

ಕಲಬುರಗಿ ಬಿಸಿಲು

ನಮ್ಮ ಕಡೆ ಕೈ ಪಳಗಿದ ಮಿಸ್ತ್ರಿಗಳು ಹೇಳುವ ಮಾತು ಇದು: "ಎಂಜಿನ್ ಕುಂದ್ರಸೋದು ದೊಡ್ಡ ಮಾತಲ್ರೀ. ಬ್ಯಾಸಗ್ಯಾಗ ಅದು ಕುದೀಲಾರದಂಗ ನೋಡ್ಕೊಳ್ಳೋದು, ಅದು ಖರೇ ಕೆಲಸ."

ಯಾಕೆ ಅಂತ ನೋಡಿ. ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಬಿಸಿಯ ಅಂತರದ ಮೇಲೆ ನಿಂತಿದೆ. ನೀರು 90 ಡಿಗ್ರಿ ಇದ್ದು ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಮಾರಿಸ್ ಆಕ್ಸ್‌ಫರ್ಡ್ ಹುಟ್ಟಿದ ಊರಿನ ಹವೆ ಅಂಥದ್ದು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಗಾಳಿ 44 ಡಿಗ್ರಿ ಇರುವಾಗ ಅಂತರ ಬರೀ 46. ಅದೇ ರೇಡಿಯೇಟರ್, ಅದೇ ಫ್ಯಾನು, ಆದರೆ ಶಕ್ತಿಯಲ್ಲಿ ಮೂರನೇ ಒಂದು ಭಾಗ ಹೋಯಿತು. ಇದಕ್ಕೆ ಹೆಚ್ಚು ಬಲದ ಎಂಜಿನ್ ಸೇರಿಸಿದರೆ ಹೊರಹಾಕಬೇಕಾದ ಶಾಖವೂ ಜಾಸ್ತಿ, ಯಾಕಂದರೆ ಸುಟ್ಟ ಪೆಟ್ರೋಲಿನ ಶಾಖದಲ್ಲಿ ದೊಡ್ಡ ಪಾಲು ನೀರಿಗೇ ಸೇರುತ್ತದೆ. ಬೇರೆ ಊರಿನವರು "ಹಳೇ ರೇಡಿಯೇಟರೇ ಸಾಕಾಯಿತು" ಅಂದರೆ ಅವರ ಊರಿಗೆ ಸಾಕಾಗಿರಬಹುದು. ಇಲ್ಲಿ ಸಾಕಾಗುವುದಿಲ್ಲ.

ಇನ್ನು ನೀರಿನ ಮಾತು. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಓಡಿಸಿದ ರೇಡಿಯೇಟರಿನ ಮೇಲಿನ ತೊಟ್ಟಿ ಬೆಸುಗೆ ಬಿಡಿಸಿ ನೋಡಿದ್ದೀರಾ? ಚಪ್ಪಟೆ ಹಿತ್ತಾಳೆ ಕೊಳವೆಗಳ ಬಾಯಿ ಸಾಲಾಗಿ ಕಾಣುತ್ತದೆ. ಅದರಲ್ಲಿ ಅರ್ಧದಷ್ಟು ಬಾಯಿಗೆ ಬಿಳಿ ಸುಣ್ಣದ ಪದರ ಕಟ್ಟಿರುತ್ತದೆ, ತೆಳು ತಂತಿ ತೂರಿಸಿದರೆ ಪುಡಿ ಉದುರುತ್ತದೆ. ಹೊರಗಿನಿಂದ ನೋಡಿದರೆ ರೇಡಿಯೇಟರ್ ಚೆನ್ನಾಗಿಯೇ ಇರುತ್ತದೆ! ಆ ಸುಣ್ಣ ಎಂಜಿನ್ ಬ್ಲಾಕಿನ ಒಳಗೂ ಕಟ್ಟಿರುತ್ತದೆ, ಅದರಲ್ಲೂ ಹಿಂದಿನ ಸಿಲಿಂಡರಿನ ಸುತ್ತ. "ಈ ಎಂಜಿನ್ ಯಾವಾಗಲೂ ಬಿಸಿ" ಅಂತ ಬೈಸಿಕೊಂಡ ಎಷ್ಟೋ ಎಂಜಿನ್‌ಗಳ ತಪ್ಪು ಇದೊಂದೇ. ಹೊಸ ಎಂಜಿನ್ ಹಾಕಿದ ಮೇಲೂ ಇದೇ ನೀರು ಹಾಕಿದರೆ ಕಥೆ ಮತ್ತೆ ಶುರು. ಅಲ್ಯೂಮಿನಿಯಂ ಹೆಡ್ ಅಥವಾ ಬ್ಲಾಕ್ ಇದ್ದರಂತೂ ಕೂಲಂಟ್ ಬೇಕೇ ಬೇಕು, ಶುದ್ಧ ನೀರಿನಲ್ಲಿ ಬೆರೆಸಿದ್ದು. ಬರೀ ನೀರಿನಲ್ಲಿ ಅಲ್ಯೂಮಿನಿಯಂ ಒಳಗಿನಿಂದ ತಿಂದುಹೋಗುತ್ತದೆ.

ದೊಡ್ಡ ರೇಡಿಯೇಟರ್ ಹಾಕುವಾಗ ಅದರ ತಲೆ ಎಂಜಿನ್ನಿನ ಅತಿ ಎತ್ತರದ ನೀರಿನ ಜಾಗಕ್ಕಿಂತ ಮೇಲೆ ಇರಲಿ. ಇಲ್ಲವಾದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಇಡಲು ಜಾಗ ಇಲ್ಲದಿದ್ದರೆ ಎತ್ತರದಲ್ಲಿ ಬೇರೆ ನೀರಿನ ಡಬ್ಬಿ ಇಟ್ಟು ಅಲ್ಲಿಂದ ತುಂಬುವ ಹಾಗೆ ಮಾಡಬೇಕು. ಎಲೆಕ್ಟ್ರಿಕ್ ಫ್ಯಾನ್ ಒಳ್ಳೆಯದು, ಜಾತ್ರೆಯ ಜನಜಂಗುಳಿಯಲ್ಲಿ ಕಾರು ನಿಂತೇ ಇದ್ದಾಗಲೂ ಪೂರ್ತಿ ತಿರುಗುತ್ತದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ಅಭ್ಯಾಸ ಬಿಡಬೇಕು. ಹೊಸ ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ.

ವೈರು, ಪೆಟ್ರೋಲು, ಬ್ರೇಕು

ಕಂಪ್ಯೂಟರ್ ಅಂದೆ. ಕಾರ್ಬ್ಯುರೇಟರ್ ಎಂಜಿನ್ ಓಡಲು ಒಂದೆರಡು ವೈರು ಸಾಕು. ಎಂಪಿಎಫ್‌ಐ ಎಂಜಿನ್ನಿಗೆ ಕ್ರ್ಯಾಂಕ್ ಎಲ್ಲಿದೆ, ನೀರು ಎಷ್ಟು ಬಿಸಿ, ಗಾಳಿ ಎಷ್ಟು, ಹೊಗೆಯಲ್ಲಿ ಆಮ್ಲಜನಕ ಎಷ್ಟು ಅಂತ ಹೇಳುವ ಸೆನ್ಸರುಗಳು ಬೇಕು, ಅವನ್ನು ಓದುವ ಇಸಿಯು ಎಂಬ ಕಂಪ್ಯೂಟರ್ ಬೇಕು. ಹೀಗಾಗಿ ಎಂಜಿನ್ ಜೊತೆ ಪೂರ್ತಿ ವೈರಿಂಗ್ ಕಟ್ಟು, ಇಸಿಯು, ಕೀಲಿ ಇವಿಷ್ಟೂ ಒಂದೇ ಗಾಡಿಯಿಂದ ತನ್ನಿ. ಕೀಲಿಯಲ್ಲಿ ಇಮೊಬಿಲೈಸರ್ (ಕಳ್ಳತನ ತಡೆಯುವ ಚಿಪ್) ಇದ್ದರೆ, ಅದಿಲ್ಲದೆ ಇಸಿಯು ಎಂಜಿನ್ನನ್ನು ಓಡಲು ಬಿಡುವುದಿಲ್ಲ. ಆಕ್ಸಿಲರೇಟರ್‌ಗೆ ಕೇಬಲ್ ಬದಲು ವೈರ್ ಇರುವ ಎಂಜಿನ್ ಆದರೆ ಪೆಡಲನ್ನೂ ತರಬೇಕು.

ಇನ್ನೊಂದು ಕಡೆ ಹಳೇ ಕಾರಿನ ಕರೆಂಟೇ ಬೇರೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ 6 ವೋಲ್ಟ್. 1960ರ ದಶಕದವರೆಗಿನ ಬ್ರಿಟಿಷ್ ಮೂಲದ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಇಸಿಯುಗೆ ಬೇಕಾದದ್ದು 12 ವೋಲ್ಟ್, ನೆಗೆಟಿವ್ ಬಾಡಿಗೆ. ಇದನ್ನು ನೋಡದೆ ಕನೆಕ್ಷನ್ ಕೊಟ್ಟರೆ ಇಸಿಯು ಅಲ್ಲೇ ಸುಟ್ಟಿತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂರುವುದರಿಂದ ಎಂಜಿನ್ನಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಬೇಕು. ಮರೆತರೆ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿಯುತ್ತದೆ, ಕೇಬಲ್ ಕೈಸುಡುವಷ್ಟು ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಆಮೇಲೆ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಅಂತ ಯೋಚಿಸಿ.

ಪೆಟ್ರೋಲ್ ಪೈಪೂ ಹಾಗೇ. ಕಾರ್ಬ್ಯುರೇಟರಿನ ಪಂಪ್ ಕೊಡುವ ಒತ್ತಡ 0.2 ಅಥವಾ 0.3 ಬಾರ್. ಎಂಪಿಎಫ್‌ಐಗೆ ಸುಮಾರು 3 ಬಾರ್, ಹತ್ತು ಪಟ್ಟು. ಹಳೇ ಪೈಪು, ಹಳೇ ಕ್ಲಿಪ್ಪು ಅಲ್ಲಿ ನಿಲ್ಲುವುದಿಲ್ಲ, ಬಿಸಿ ಸೈಲೆನ್ಸರ್ ಪಕ್ಕ ಪೆಟ್ರೋಲ್ ಸಿಡಿದರೆ ಕಾರು ಸುಡುತ್ತದೆ. ಟ್ಯಾಂಕ್ ಬಿಚ್ಚಿ ತುಕ್ಕು ತೊಳೆಯಿಸಿ, ಹೆಚ್ಚಿನ ಒತ್ತಡದ ಪೈಪು ಹಾಕಿಸಿ.

ಬ್ರೇಕ್ ಬಗ್ಗೆ ವಾದವೇ ಬೇಡ. ವೇಗ 60ರಿಂದ 90ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಹಳೇ ಡ್ರಮ್ ಬ್ರೇಕ್ ಎರಡು ಸಲ ಜೋರಾಗಿ ಒತ್ತಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಅನೇಕ ಹಳೇ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಲೈನ್, ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಎಂಜಿನ್ನಿಗೆ ದುಡ್ಡು ಇಟ್ಟು ಬ್ರೇಕಿಗೆ ಇಲ್ಲ ಅನ್ನುವುದಾದರೆ ಎಂಜಿನ್ ಕೆಲಸ ಮುಂದೂಡಿ. ಮುಂದೆ ಡಿಸ್ಕ್, ಎರಡು ಭಾಗದ ಮಾಸ್ಟರ್ ಸಿಲಿಂಡರ್ ಮೊದಲು ಬರಲಿ.

ಆರ್‌ಸಿ ಪುಸ್ತಕ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಬದಲಾವಣೆಗೆ ಪ್ರತಿಯೊಂದಕ್ಕೆ 5,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಎಂಜಿನ್ ನಂಬರ್, ಸಿಸಿ, ಇಂಧನ ಮೂರೂ ಆರ್‌ಸಿಯಲ್ಲಿರುತ್ತವೆ. ಹಾಗಾಗಿ ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಆದರೆ ದಾರಿ ಸಲೀಸು. ಬೇರೆ ಮಾದರಿ, ಬೇರೆ ಸಿಸಿ ಆದರೆ ಅನುಮತಿ ಸಿಗದೇ ಹೋಗಬಹುದು, ಸಿಕ್ಕೇ ಸಿಗುತ್ತದೆ ಅಂತ ಗ್ಯಾರೇಜಿನವರು ಹೇಳಿದರೆ ನಂಬಬೇಡಿ. ಕಲಬುರಗಿಯ ಕೆಎ 32 ಆಗಲಿ, ಯಾದಗಿರಿಯ 33 ಆಗಲಿ, ಬೀದರಿನ 38 ಆಗಲಿ, ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಬರಹದಲ್ಲಿ ಅರ್ಜಿ ಕೊಟ್ಟು ಕೇಳಿ. 15 ವರ್ಷ ದಾಟಿದ ಖಾಸಗಿ ಕಾರು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಲೇಬೇಕು. ಅಲ್ಲಿ ಎಂಜಿನ್ ನಂಬರ್ ಹೊಂದದಿದ್ದರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಅಪಘಾತವಾದರೆ ವಿಮೆಯವರೂ ಮೊದಲು ನೋಡುವುದು ಅದನ್ನೇ.

ಬ್ಯಾಟರಿ ಕಾರು ಮಾಡಿಸುವುದಕ್ಕೆ ಇದೇ ಕಲಂನಲ್ಲಿ ಅವಕಾಶವಿದೆ. ಆದರೆ ಅದು ಎಐಎಸ್ 123 ಮಾನದಂಡದಲ್ಲಿ ಪರೀಕ್ಷೆ ಆಗಿ ಒಪ್ಪಿಗೆ ಪಡೆದ ಕಿಟ್‌ಗೆ ಮಾತ್ರ, ಗ್ಯಾರೇಜಿನಲ್ಲಿ ಕಟ್ಟಿದ್ದಕ್ಕಲ್ಲ.

ಹಳೇ ಎಂಜಿನ್ ಕೊಳ್ಳುವಾಗ ಮಾರಿದವರ ಬಿಲ್, ಅದು ಬಂದ ಗಾಡಿಯ ಆರ್‌ಸಿ ನಕಲು, ನೋಂದಣಿ ರದ್ದಾದ ಕಾಗದ ಕೇಳಿ ಪಡೆಯಿರಿ. ಬ್ಲಾಕ್ ಮೇಲಿನ ನಂಬರನ್ನು ಕಣ್ಣಾರೆ ಓದಿ, ಬೆರಳಿನಿಂದ ಸವರಿ ನೋಡಿ. ಉಜ್ಜಿ ಮತ್ತೆ ಹೊಡೆದ ನಂಬರಿನ ಸುತ್ತ ಲೋಹ ನುಣುಪಾಗಿರುತ್ತದೆ. ಅಂಥದ್ದು ಎಷ್ಟೇ ಅಗ್ಗವಾದರೂ ಬೇಡ.

ಇಳಿಸಿದ ಮೂಲ ಎಂಜಿನ್ನನ್ನು ಮಾತ್ರ ಮಾರಬೇಡಿ. ನಿಮ್ಮ ಆರ್‌ಸಿಯಲ್ಲಿ ಹುಟ್ಟಿನಿಂದ ಇರುವ ನಂಬರ್ ಅದರ ಮೇಲಿದೆ, ಗುಜರಿಯಲ್ಲಿ ಅದಕ್ಕೆ ಸಿಗುವುದು ಕಬ್ಬಿಣದ ತೂಕದ ಬೆಲೆ. ನೀರು ಪೂರ್ತಿ ಬಸಿದು, ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಬಿಗಿ ಮಾಡಿ. ಗಾಳಿ, ಸೈಲೆನ್ಸರ್ ಕಡೆಯ ತೂತುಗಳನ್ನು ಬಟ್ಟೆ ತುರುಕದೆ ತಗಡು ಅಥವಾ ಹಲಗೆಯಿಂದ ಮುಚ್ಚಿ, ಬಟ್ಟೆ ತೇವ ಹಿಡಿಯುತ್ತದೆ. ನೆಲಕ್ಕೆ ತಾಗದ ಹಾಗೆ ಮರದ ದಿಮ್ಮಿಯ ಮೇಲೆ ಇಟ್ಟು, ತಿಂಗಳಿಗೊಮ್ಮೆ ಪುಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಮೌಂಟಿಂಗ್ ಬೋಲ್ಟು, ಕಾರ್ಬ್ಯುರೇಟರ್, ಡೈನಮೋ, ಹಳೇ ಗೇರ್ ರಾಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೆಸರು ಚೀಟಿ ಕಟ್ಟಿ ಅದರ ಪಕ್ಕದಲ್ಲೇ ಇಡಿ.